ಸೈವ್ ಆಡಿದ ಒಂದೂವರೆ ಪಂದ್ಯ

ಕಿಲ್ಮೋರನ್, ಐರ್ಲೆಂಡ್
ಜುಲೈ 9, ಮಂಗಳವಾರ, ಸಂಜೆಯ ಚಹಾ ಮುಗಿದ ಮೇಲೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಲೆಬನಾನಿನ ಬಿಸಿಲು ನಿನ್ನ ಮೂಗಿನ ಸಿಪ್ಪೆಯನ್ನು ಈಗ ಎಷ್ಟನೇ ಸಲ ಸುಲಿಯುತ್ತಿದೆ? ಹೋದ ವಾರ ನೀನು ಕಳಿಸಿದ ಫೋಟೋ ನೋಡಿ ಅಜ್ಜಿ, 'ಇವನಿಗೆ ಬಂದೂಕು ಕೊಟ್ಟು ಕಳಿಸೋ ಬದ್ಲು ಕೊಡೆ ಕೊಟ್ಟು ಕಳಿಸ್ಬೇಕಿತ್ತು' ಎಂದು ಇಡೀ ಶಾಂತಿಪಾಲನಾ ಪಡೆಗೆ ಸಲಹೆ ಕೊಟ್ಟಿದ್ದಾಳೆ. ಬೆನ್ನುನೋವು ಕಡಿಮೆಯಾಯಿತೇ? ಚಹಾ ಪೊಟ್ಟಣಗಳ ಪಾರ್ಸೆಲ್ ತಲುಪಿತೇ? ತಲುಪಿದ್ದರೆ ನಿನ್ನ ಸಿಪಾಯಿಗಳಿಗೆ ಹಂಚಬೇಡ, ದಿಂಬಿನ ಕೆಳಗಿಟ್ಟುಕೋ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಕಾಲು ಮಾತ್ರ ಇನ್ನೂ ಪ್ಲಾಸ್ಟರಿನಲ್ಲಿದೆ. ಹಿತ್ತಿಲ ಗೋಲಿನಲ್ಲಿ ನಿಂತು ಸೈವ್‌ಳ ಹೊಡೆತ ತಡೆಯಲು ಹೋಗಿ ಬಿದ್ದು ಮುರಿದುಕೊಂಡ ಕಾಲಾದ್ದರಿಂದ ಅಮ್ಮ ಅದನ್ನು ಸ್ಟೂಲಿನ ಮೇಲಿಟ್ಟು, ಬಂದವರಿಗೆಲ್ಲ ಪದಕದಂತೆ ತೋರಿಸುತ್ತಾಳೆ. 'ಹನ್ನೊಂದು ವರ್ಷದ ಹುಡುಗಿ ಹೊಡೆದಿದ್ದು ಕಣ್ರೀ!' ಎಂದು ಹೇಳುವಾಗ ನೋವು ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಭಾನುವಾರ ನೀನು ಫೋನ್ ಮಾಡಿದಾಗ ಅಜ್ಜಿ ರಿಸೀವರ್ ಕಿತ್ತುಕೊಂಡು 'ಗೋಲು! ಗೋಲು ಹೊಡೆದ್ಳು ಕಣೋ ನಿನ್ ಮಗಳು!' ಎಂದು ಕಿರುಚಿದ್ದು, ಅತ್ತ ನೀನು ಕೂಗಿದ ಕೂಗಿಗೆ ನಿಮ್ಮ ಶಿಬಿರದಲ್ಲಿ ಎಚ್ಚರಿಕೆ ಗಂಟೆ ಬಾರಿಸಿದರೇನೋ ಎಂದು ನಾವು ಹೆದರಿದ್ದು, ಆಮೇಲೆ ಸೈವ್ 'ಚೆನ್ನಾಗಿತ್ತಪ್ಪಾ' ಎಂದಷ್ಟೇ ಹೇಳಿ ಕೋಳಿಗೂಡು ಮುಚ್ಚಲು ಓಡಿದ್ದು, ಅಷ್ಟರಲ್ಲಿ ಲೈನು ಸತ್ತಿದ್ದು, ಎಲ್ಲ ನಿನಗೆ ನೆನಪಿರಬಹುದು. ಒಬ್ಬ ಸಾರ್ಜೆಂಟನಿಗೆ ಇಷ್ಟು ವರದಿ ಸಾಲದು. ಆದಕಾರಣ ಡಬ್ಲಿನ್ ದಂಡಯಾತ್ರೆಯ ದಂಡನಾಯಕಿಯಾದ ನಾನು, ಹದಿನೇಳು ವರ್ಷದ ನೂಲಾ ಲಿಲಿಸ್, ನಡೆದದ್ದನ್ನು ನಡೆದಂತೆಯೇ ತಮ್ಮ ಸನ್ನಿಧಾನಕ್ಕೆ ಸಲ್ಲಿಸುತ್ತಿದ್ದೇನೆ.

ನಮ್ಮ ಸೇನೆ ಇಷ್ಟು: ನಾನು; ಹರ್ಲಿ ಕೋಲು ಮತ್ತು ಹೆಲ್ಮೆಟ್ ಸಮೇತ ಸೈವ್; ಮೂಗು ಸೋರುವ ಸ್ಥಿತಿಯಲ್ಲಿ ಆರು ವರ್ಷದ ತೈಗ್; ಎಪ್ಪತ್ತಮೂರರ ಅಜ್ಜಿ, ಹದಿನಾರು ಮೊಟ್ಟೆ ಸ್ಯಾಂಡ್‌ವಿಚ್ ಸಮೇತ. ಅಜ್ಜಿ ಡಬ್ಲಿನ್ ನೋಡಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಪಿತ್ತಕೋಶ ತೆಗೆಸಲು. ಪ್ರತಿ ವರ್ಷ ಪಂದ್ಯ ನೋಡಲು ಒಬ್ಬನೇ ಕಾರಿನಲ್ಲಿ ಹೋಗಿಬರುತ್ತಿದ್ದ ನೀನಿಲ್ಲ, ಓಡಿಸುವ ಅಮ್ಮನಿಗೆ ಕಾಲಿಲ್ಲ. ಬೆಳಗಿನ ಮೊದಲ ರೈಲೇ ಗತಿಯಾಯಿತು. ದೊಡ್ಡವರ ಹರ್ಲಿಂಗ್ ಪಂದ್ಯದ ವಿರಾಮದಲ್ಲಿ ಶಾಲೆಯ ಮಕ್ಕಳೂ ಕೋಲು, ಚೆಂಡು ಹಿಡಿದು ಅದೇ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ, ಅಷ್ಟೂ ಜನದ ಮುಂದೆ ಏಳೆಂಟು ನಿಮಿಷ ಆಡುವುದಿದೆಯಲ್ಲ, ಅದಕ್ಕೆ ನಮ್ಮ ಸುತ್ತಿನ ಶಾಲೆಗಳಿಂದೆಲ್ಲ ಆರಿಸಿದ್ದು ಒಬ್ಬಳೇ ಹುಡುಗಿಯನ್ನು, ಅವಳು ನಮ್ಮವಳು ಎಂದ ಮೇಲೆ ನಡೆದಾದರೂ ಹೋಗುತ್ತಿದ್ದೆವು. ಹೆನೆಗನ್ ಮೇಷ್ಟ್ರು ಖಡಕ್ಕಾಗಿ ಹೇಳಿದ್ದರು: 'ಒಂದು ಗಂಟೆಗೆ ಗೇಟಿನ ಹತ್ರ ಇರ್ಬೇಕು. ಒಂದು ದಾಟಿದ್ರೆ ಅಂಗಿ ಈಮರ್‌ಗೆ.' ಈಮರ್ ಎಂದರೆ ಪಕ್ಕದೂರ ಶಾಲೆಯ ಹುಡುಗಿ, ಬದಲಿ ಆಟಗಾರ್ತಿ. ಹೋದ ವರ್ಷವೂ ಬದಲಿಯಾಗಿ ಬಂದು ಬೆಂಚಿನ ಮೇಲೆಯೇ ಕೂತು ವಾಪಸಾದವಳು.

ನೀನು ಹೊರಡುವಾಗ ಬಿಟ್ಟುಹೋದದ್ದು ಎರಡು. ಒಂದು, ನಿನ್ನ ಹಳೆಯ ಹರ್ಲಿ ಕೋಲನ್ನು ಸೈವ್‌ಳ ಎತ್ತರಕ್ಕೆ ಕೊಯ್ದು, ಹಿಡಿಗೆ ಹಸಿರು ಟೇಪ್ ಸುತ್ತಿಕೊಟ್ಟಿದ್ದು. ಇನ್ನೊಂದು, ಒಂದು ಆಜ್ಞೆ: 'ಡಬ್ಲಿನ್ನಲ್ಲಿ ಯಾರನ್ನೂ ದಾರಿ ಕೇಳ್ಬೇಡಿ, ಮರ್ಯಾದೆ ಹೋಗುತ್ತೆ. ನಮ್ಮ ತಂಡದ ಹಳದಿ-ನೀಲಿ ಅಂಗಿ ಎಲ್ಲಿ ಕಾಣುತ್ತೋ ಅದರ ಹಿಂದೆ ಹೋಗಿ. ಬಣ್ಣ ದಾರಿ ತಪ್ಪಿಸಲ್ಲ.' ಅಪ್ಪಾ, ನಿನ್ನ ಆಜ್ಞೆಯನ್ನು ನಾನು ಅಕ್ಷರಶಃ ಪಾಲಿಸಿದೆ ಎಂಬುದನ್ನು ಮುಂದಿನ ವಿಚಾರಣೆಯಲ್ಲಿ ದಯವಿಟ್ಟು ದಾಖಲಿಸತಕ್ಕದ್ದು.

ರೈಲಿನ ತುಂಬ ನಮ್ಮವರೇ ಇದ್ದರು. ಡಬ್ಲಿನ್ನಿನಲ್ಲಿ ಇಳಿದು ಅವರ ಬಾಲ ಹಿಡಿದಿದ್ದರೆ ಈ ಪತ್ರ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಭಾನುವಾರವಲ್ಲವೇ, ಅಜ್ಜಿಗೆ ಪೂಜೆ ತಪ್ಪುವಂತಿಲ್ಲ. ನದಿ ದಂಡೆಯ ಚರ್ಚ್ ಹೊಕ್ಕೆವು. ಪಾದ್ರಿ ಉಪದೇಶವನ್ನು ಹಿಗ್ಗಿಸಿದರು; ಅಜ್ಜಿ ಸೈವ್‌ಗೊಂದು, ನಿನಗೊಂದು, ಅಮ್ಮನ ಕಾಲಿಗೊಂದು ಮೇಣದಬತ್ತಿ ಹಚ್ಚಿ, ಎದುರಾಳಿ ಗೋಲ್ಕೀಪರನ ಕಣ್ಣು ಮಂಜಾಗಲಿ ಎಂದು ನಾಲ್ಕನೆಯದನ್ನು ಹಚ್ಚುವಾಗ ನಾನು ಕೈ ಹಿಡಿದೆ. ಹೊರಗೆ ಬರುವಷ್ಟರಲ್ಲಿ ರೈಲಿನ ಜನವೆಲ್ಲ ಕರಗಿಹೋಗಿತ್ತು. ನನ್ನ ಫೋನಿನಲ್ಲಿ ನಕಾಶೆ ನೋಡೋಣವೆಂದರೆ, ತೈಗ್ ಮಹಾಶಯರು ರೈಲಿನಲ್ಲಿ ಟ್ರ್ಯಾಕ್ಟರ್ ವಿಡಿಯೋಗಳನ್ನು ನೋಡಿ ನೋಡಿ ಅದನ್ನು ಸಾಯಿಸಿಬಿಟ್ಟಿದ್ದರು. ಅಜ್ಜಿಯ ಫೋನು ಎಂದಿನಂತೆ ಮನೆಯ ಬಿಸ್ಕೆಟ್ ಡಬ್ಬಿಯಲ್ಲಿ ಸುರಕ್ಷಿತವಾಗಿತ್ತು. ಅಷ್ಟರಲ್ಲಿ ದೇವರೇ ಕಳಿಸಿದ ಹಾಗೆ ಒಂದು ಕುಟುಂಬ ಕಂಡಿತು: ಅಪ್ಪ, ಇಬ್ಬರು ಮಕ್ಕಳು, ಮೂವರ ಮೈಮೇಲೂ ಹಳದಿ-ನೀಲಿ, ಕೈಯಲ್ಲಿ ಹರ್ಲಿ ಕೋಲು. 'ಹಿಂದೆ ಬೀಳಿ!' ಎಂದು ನಾನು ಆಜ್ಞಾಪಿಸಿದೆ. ಅವರು ಬಸ್ಸು ಹತ್ತಿದರು, ನಾವೂ ಹತ್ತಿದೆವು.

ಸ್ವಲ್ಪ ದೂರದಲ್ಲಿ ಮನೆಗಳ ಮಾಡಿನಾಚೆ ಒಂದು ಬೆಟ್ಟದಷ್ಟು ಕಾಂಕ್ರೀಟು ಕಾಣಿಸಿತು. 'ಅಕ್ಕಾ, ಅಗೋ ಕ್ರೋಕ್ ಪಾರ್ಕು!' ಎಂದು ತೈಗ್ ಕಿಟಕಿಗೆ ಮೂಗು ಒತ್ತಿದ. 'ಸುಮ್ನಿರೋ, ಅದು ಯಾವುದೋ ಕಾರ್ಖಾನೆ. ಅವರಿಳಿದ್ರಾ? ಇಳಿದ್ಮೇಲೆ ಇಳಿಯೋದು' ಎಂದೆ. ಅವರು ಇಳಿಯಲಿಲ್ಲ. ಇನ್ನೂ ಆರು ನಿಲ್ದಾಣ ದಾಟಿ ಇಳಿದರು, ಒಂದು ಓಣಿ ಹೊಕ್ಕರು, ಒಂದು ಮೈದಾನಕ್ಕೆ ಬಂದರು. ಅಲ್ಲಿ ನೂರಾರು ಮಕ್ಕಳು, ಎಲ್ಲರದೂ ಹಳದಿ-ನೀಲಿ! ಹೆಲ್ಮೆಟ್ ಹಾಕಿದ ಸಣ್ಣ ಸಣ್ಣ ತಲೆಗಳು, ಸೀಟಿ, ಮೇಜಿನ ಮೇಲೆ ಚಹಾದ ದೊಡ್ಡ ಪಾತ್ರೆ. ಮಕ್ಕಳು ಸೇರಬೇಕಾದ ಮೈದಾನ ಇದೇ ಎಂದು ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಒಬ್ಬ ಕೆಂಪು ಕೂದಲಿನ ತರಬೇತಿಗಾರ್ತಿ ಹಳದಿ-ನೀಲಿ ಅಂಗಿ ತೊಟ್ಟಿದ್ದ ಸೈವ್‌ಳನ್ನು ನೋಡಿ, 'ಏಯ್, ಇಷ್ಟೊತ್ತು ಎಲ್ಲಿ ಹೋಗಿದ್ದೆ? ಎಡಗಡೆ ನಿಲ್ಲು, ಓಡು ಓಡು!' ಎಂದಳು. ನಮ್ಮ ಸೈವ್ ಗೊತ್ತಲ್ಲ, ದೊಡ್ಡವರು ಓಡು ಎಂದರೆ ಓಡುವ ಮಗು. ಓಡಿದಳು.

ಅಪ್ಪಾ, ಹತ್ತು ನಿಮಿಷದಲ್ಲಿ ಎರಡು ಗೋಲು! ಒಂದಂತೂ ಮೂರು ಜನರ ನಡುವಿನಿಂದ ಚೆಂಡನ್ನು ಕೋಲಿನ ಮೇಲೆ ಕೂರಿಸಿಕೊಂಡು ಬಂದು, ಬೆಣ್ಣೆಗೆ ಚಾಕು ಹಾಕಿದ ಹಾಗೆ. ಅಜ್ಜಿ ಚಹಾದ ಲೋಟ ಚೆಲ್ಲಿಕೊಂಡಳು. ತೈಗ್ ಮಾತ್ರ ಸುತ್ತ ನೋಡಿ ಕೇಳಿದ: 'ಅಕ್ಕಾ, ಎಂಬತ್ತು ಸಾವಿರ ಜನ ಎಲ್ಲಿ?' ನಾನು ಎಣಿಸಿದೆ. ಸುಮಾರು ಅರವತ್ತು ಜನ, ಎರಡು ನಾಯಿ. ಆಗ ಬೇಲಿಯ ಮೇಲಿನ ಫಲಕ ಓದಿದೆ. ಅದು ಯಾವುದೋ ಬಡಾವಣೆಯ ಕ್ಲಬ್ಬು. ಮಕ್ಕಳ ಭಾನುವಾರದ ಆಟ. ಅವರ ಬಣ್ಣವೂ ನಮ್ಮದೇ. ಗಂಟೆ ಹನ್ನೆರಡೂ ಮುಕ್ಕಾಲು.

ತರಬೇತಿಗಾರ್ತಿಯ ಹೆಸರು ಡರ್ವ್ಲಾ. ವಿಷಯ ಕೇಳಿ ಹಣೆ ಚಚ್ಚಿಕೊಂಡಳು. 'ಅಯ್ಯೋ ನನ್ ಕರ್ಮ, ಇವ್ಳು ನಮ್ ಹುಡ್ಗಿ ಅಲ್ವಾ? ನಾಳೆಯಿಂದ ದೊಡ್ ತಂಡಕ್ಕೆ ಸೇರಿಸ್ಕೊಳ್ಳೋಣ ಅಂತಿದ್ದೆ! ಹಳ್ಳಿಯೋರು ಅಂದ್ರೆ ಹಳ್ಳಿಯೋರೇ ಕಣ್ರೀ, ಅಷ್ಟು ದೊಡ್ಡ ಕ್ರೀಡಾಂಗಣ ಬಸ್ಸಿಂದ ಕಾಣ್ಲಿಲ್ವಾ?' 'ನಂಗೆ ಕಾಣ್ತು!' ಎಂದ ತೈಗ್. 'ಮೊದ್ಲು ದಾರಿ ತೋರ್ಸು ತಾಯಿ, ಆಮೇಲೆ ಎಷ್ಟು ಬೇಕಾದ್ರೂ ಬೈಯುವೆಯಂತೆ' ಎಂದಳು ಅಜ್ಜಿ. ಪಂದ್ಯದ ದಿನವಾದ್ದರಿಂದ ಆ ಕಡೆಯ ರಸ್ತೆಗಳೆಲ್ಲ ಬಂದ್. ಡರ್ವ್ಲಾಳ ಬಳಿ ಮುಂದೆ ಮರದ ಪೆಟ್ಟಿಗೆ ಇರುವ ಸೈಕಲ್ ಇತ್ತು, ಮಕ್ಕಳನ್ನೂ ತರಕಾರಿಯನ್ನೂ ಹೇರಿಕೊಂಡು ಹೋಗುತ್ತಾರಲ್ಲ, ಅದು. 'ಅಜ್ಜಿ, ಹತ್ತಿ' ಎಂದಳು. ಅಜ್ಜಿ ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಆಕಾಶವನ್ನೂ ನೋಡಿ, ಟೋಪಿ ಸರಿಮಾಡಿಕೊಂಡು ಹತ್ತಿದಳು. ಮಂಡಿ ಗಲ್ಲಕ್ಕೆ, ಮಡಿಲಲ್ಲಿ ತೈಗ್, ತೈಗ್‌ನ ಮಡಿಲಲ್ಲಿ ಸ್ಯಾಂಡ್‌ವಿಚ್. ಸೈವ್ ಮತ್ತು ನಾನು ಓಟ.

ಕಾಲುವೆಯ ದಂಡೆಯ ಮೇಲೆ ನಡೆದ ಆ ಮೆರವಣಿಗೆಯನ್ನು ಯಾವ ಕವಿಯೂ ವರ್ಣಿಸಲಾರ, ನಾನಂತೂ ಏದುಸಿರು ಬಿಡುತ್ತಿದ್ದೆ. ಅಜ್ಜಿ ಕಣ್ಣು ಮುಚ್ಚಿ ಜಪಸರ ಎಣಿಸುತ್ತ, ನಡುನಡುವೆ ಕಣ್ಣು ತೆರೆದು 'ಎಡಕ್ಕೆ! ಹಂಸ, ಹಂಸ!' ಎಂದು ಕೂಗುತ್ತಿದ್ದಳು. ಮೊದಲ ಸೇತುವೆಯ ಹತ್ತಿರ ನನಗೆ ಪಕ್ಕೆ ಹಿಡಿಯಿತು. ಸೈವ್ ಹೆಲ್ಮೆಟ್ ತೆಗೆಯದೆ, ಕೋಲನ್ನು ಎದೆಗೊತ್ತಿಕೊಂಡು, ಒಂದು ಮಾತೂ ಆಡದೆ ಓಡುತ್ತಿದ್ದಳು. ಅಳುತ್ತಿದ್ದಾಳೇನೋ ಎಂದು ಬಗ್ಗಿ ನೋಡಿದರೆ, ಹಲ್ಲು ಕಚ್ಚಿಕೊಂಡು ಸೇತುವೆ ಎಣಿಸುತ್ತಿದ್ದಳು.

ಗೇಟು ಮುಟ್ಟಿದಾಗ ಒಂದು ಗಂಟೆ ಹನ್ನೆರಡು ನಿಮಿಷ. ಒಂಬತ್ತನೇ ನಂಬರಿನ ಅಂಗಿ ಆಗಲೇ ಈಮರ್‌ಳ ಮೈಮೇಲಿತ್ತು. ನಮ್ಮನ್ನು ನೋಡಿದ್ದೇ ಆ ಹುಡುಗಿ ಅಂಗಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡತೊಡಗಿದಳು. ಹೆನೆಗನ್ ಮೇಷ್ಟ್ರು, 'ಸೈವ್ ಲಿಲಿಸ್, ಗಡಿಯಾರ ನೋಡೋಕೆ ಬರುತ್ತೇನಮ್ಮ?' ಎಂದರು. 'ಬರುತ್ತೆ ಸಾರ್. ದಾರೀಲಿ ಒಂದು ಮ್ಯಾಚ್ ಸಿಕ್ತು' ಎಂದಳು ಇವಳು. ಮೇಷ್ಟ್ರು ನಗಲಿಲ್ಲ, ಅವರ ಮೀಸೆ ನಕ್ಕಿತು. ಆಮೇಲೆ ಸೈವ್ ಅವರನ್ನು ಬಗ್ಗಿಸಿ ಕಿವಿಯಲ್ಲಿ ಏನೋ ಹೇಳಿದಳು. ಅವರು ಅವಳನ್ನು ಒಂದು ಗಳಿಗೆ ನೋಡಿ, 'ಆಡ್ತಾಳೆ. ನೀವು ಹೋಗಿ ಕೂತ್ಕೊಳ್ಳಿ' ಎಂದು ನಮ್ಮನ್ನು ಕಳಿಸಿ, ಇಬ್ಬರು ಹುಡುಗಿಯರನ್ನೂ ಒಳಗೆ ಕರೆದುಕೊಂಡು ಹೋದರು.

ದೊಡ್ಡವರ ಪಂದ್ಯದಲ್ಲಿ ಏನಾಯಿತು ಎಂಬುದು ನಿನಗೆ ಗೊತ್ತು. ಅದರ ಬಗ್ಗೆ ಈ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಆದರೆ ವಿರಾಮದಲ್ಲಿ ಧ್ವನಿವರ್ಧಕದಲ್ಲಿ 'ಕಿಲ್ಮೋರನ್ ಶಾಲೆಯ ಸೈವ್ ಲಿಲಿಸ್' ಎಂದು ಕೇಳಿಸಿದಾಗ ಅಜ್ಜಿ ಎದ್ದು ನಿಂತಳು, ರಾಷ್ಟ್ರಗೀತೆಗೆ ನಿಂತ ಹಾಗೆ. ಪಕ್ಕದಲ್ಲಿ ಎದುರು ತಂಡದ ಕೆಂಪು ಅಂಗಿಯ ದಢೂತಿ ಮನುಷ್ಯ. ಅಜ್ಜಿ ಅವನ ತೋಳು ಹಿಡಿದು 'ನನ್ ಮೊಮ್ಮಗಳು, ಒಂಬತ್ತನೇ ನಂಬರು' ಎಂದದ್ದಕ್ಕೆ, ಪಾಪ, ಅವನೂ ಎದ್ದು ನಿಂತ. ಮೂರನೇ ನಿಮಿಷಕ್ಕೆ ಒಂಬತ್ತನೇ ನಂಬರಿನ ಹೆಲ್ಮೆಟ್ಟು ಗುಂಪಿನಿಂದ ನುಗ್ಗಿ ಬಂದು ಚೆಂಡನ್ನು ಬಲೆಗೆ ಹಾಕಿತು. ಧ್ವನಿವರ್ಧಕ ಮತ್ತೆ ನಿನ್ನ ಮಗಳ ಹೆಸರು ಹೇಳಿತು. ಆ ಮನುಷ್ಯ 'ನಮ್ಮ ತಂಡಕ್ಕೆ ಕಳಿಸ್ತೀರಾ ಅಜ್ಜಿ?' ಎಂದ, 'ಪಾತ್ರೆ ತೊಳೆಯೋಕೂ ಕಳಿಸಲ್ಲ ಹೋಗಯ್ಯಾ' ಎಂದು ಅಜ್ಜಿ ಅವನಿಗೆ ಸ್ಯಾಂಡ್‌ವಿಚ್ ಕೊಟ್ಟಳು. ಉಳಿದರ್ಧದಲ್ಲಿ ಒಂಬತ್ತನೇ ನಂಬರು ಯಾಕೋ ಸ್ವಲ್ಪ ಕುಳ್ಳಗೆ ಕಂಡಿತು, ನನ್ನ ಕಣ್ಣಲ್ಲಿ ನೀರಿದ್ದದ್ದಕ್ಕೆ ಇರಬೇಕು. ಒಂದು ಹೊಡೆತ ಕಂಬದ ಹೊರಗೆ ಹೋಯಿತು. ಗೋಲು ಹೊಡೆದ ಮೇಲೆ ಎಂಥವರ ಕೈಯೂ ಸಡಿಲವಾಗುತ್ತದೆ ಬಿಡು.

ಇಂತಿ ವರದಿ ಸಮಾಪ್ತ. ಅಮ್ಮ ಮುತ್ತು ಕಳಿಸಿದ್ದಾಳೆ, ಪ್ಲಾಸ್ಟರಿನ ಕಾಲಿನ ಪರವಾಗಿ ಇನ್ನೊಂದು. ಅಜ್ಜಿಯ ಆಶೀರ್ವಾದ, ಜೊತೆಗೆ 'ತಲೆಗೆ ಬಟ್ಟೆ ಕಟ್ಕೊಳ್ಳೋಕೆ ಹೇಳು' ಎಂಬ ಆಜ್ಞೆ. ತೈಗ್ ತನ್ನ ಹಲ್ಲು ಬಿದ್ದ ಸುದ್ದಿ ತಿಳಿಸಲು ಹೇಳಿದ್ದಾನೆ. ಬೇಗ ಬಾ ಅಪ್ಪಾ; ಮುಂದಿನ ಸಲ ನಿನ್ನನ್ನೂ ಪೆಟ್ಟಿಗೆಯಲ್ಲಿ ಕೂರಿಸುತ್ತೇವೆ.

ನಿನ್ನ ವಿಧೇಯ (ಬಹುಪಾಲು) ಮಗಳು,
ನೂಲಾ

ಮರೆತ ಮಾತು: ಲಕೋಟೆ ಅಂಟಿಸುತ್ತಿದ್ದೆ, ಸೈವ್ ಬಂದು ಪತ್ರ ಓದಿದಳು. ಓದಿ, 'ಅಕ್ಕಾ, ಅದು ನನ್ ಗೋಲಲ್ಲ' ಎಂದಳು. ಗೇಟಿನಲ್ಲಿ ಮೇಷ್ಟ್ರ ಕಿವಿಯಲ್ಲಿ ಹೇಳಿದ್ದು ಇಷ್ಟಂತೆ: 'ಮೊದಲರ್ಧ ಈಮರ್ ಆಡ್ಲಿ ಸಾರ್, ನಾನು ಇವತ್ತು ಆಗ್ಲೇ ಒಂದು ಮ್ಯಾಚ್ ಆಡಿ ಬಂದಿದ್ದೀನಿ.' ಒಂಬತ್ತನೇ ನಂಬರಿನ ಅಂಗಿ ಇದ್ದದ್ದು ಒಂದೇ, ನಡುವೆ ಬದಲಾಯಿಸಿಕೊಂಡರಂತೆ. ಪಟ್ಟಿಯಲ್ಲಿ ಹೆಸರು ಮಾತ್ರ ಇವಳದು. ಗೋಲು ಹೊಡೆದದ್ದು ಈಮರ್. ಹೊರಗೆ ಹೊಡೆದದ್ದು ನಮ್ಮವಳು. ಫೋನಿನಲ್ಲಿ ನೀನು ಅಷ್ಟು ಜೋರಾಗಿ ಕೂಗಿದ ಮೇಲೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ನಿನಗೆ ಬೇಜಾರಾಗುತ್ತದೆಂದು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಈಗ ಅಜ್ಜಿಗೆ ಹೇಳಿದಳು. ಅಜ್ಜಿ, 'ಆ ಈಮರ್ ಯಾರ ಮನೆಯೋಳು? ನಾಳೆ ಒಂದು ಕೇಕ್ ತಗೊಂಡು ಹೋಗ್ಬೇಕು' ಎಂದು ಹಿಟ್ಟು ಜರಡಿ ಹಿಡಿಯುತ್ತಿದ್ದಾಳೆ. ತಂಗಿ ನಿಜ ಹೇಳಿದ ಮೇಲೆ ನಾನೂ ಹೇಳದೆ ವಿಧಿಯಿಲ್ಲ: ಫೋನಿನ ಚಾರ್ಜು ಮುಗಿಸಿದ್ದು ತೈಗ್ ಅಲ್ಲ, ನಾನು. ರೈಲಿನಲ್ಲಿ ಅಜ್ಜಿ ಬಾಯಿ ತೆರೆದು ನಿದ್ದೆ ಮಾಡುವುದನ್ನು ಚಿತ್ರ ತೆಗೆಯುತ್ತ ಕೂತಿದ್ದೆ. ಸೈವ್ ನೋಡಿದ್ದಳು. ಆ ಕಾಲುವೆಯುದ್ದಕ್ಕೂ ಓಡುವಾಗಲೂ ಒಂದು ಮಾತು ಅನ್ನಲಿಲ್ಲ. ಸಂಜೆಯ ಟಪಾಲು ಹೊರಡುವ ಹೊತ್ತಾಯಿತು, ಓಡಬೇಕು. ಈ ಪತ್ರ ಸಿಕ್ಕಿದ ಮೇಲೆ ಫೋನ್ ಮಾಡುತ್ತೀಯಲ್ಲ, ಅವಳನ್ನೇ ಕರೆಸು. ಗೋಲಿನ ವಿಷಯ ಎತ್ತಬೇಡ. ಅವಳು ಆಡದೆ ಬಿಟ್ಟ ಆ ಅರ್ಧದ ಬಗ್ಗೆ ಕೇಳು, ಮತ್ತೆ ಭಾನುವಾರ ಕೂಗಿದೆಯಲ್ಲ, ಅದಕ್ಕಿಂತ ಜೋರಾಗಿ ಕೂಗು.