ಎಲೆಯ ಮೂಲೆಯ ಚೂರುಗಳು

ಅಮ್ಮಾ,

ಜನ್ನಾಪುರದ ಮನೆಯಲ್ಲಿ ನೀನಿಲ್ಲದೆ ವರ್ಷಗಳಾದವು. ಆದರೂ ಇವತ್ತಿನ ವಿಷಯ ನಿನಗೇ ಹೇಳಬೇಕು.

ದುರ್ಗಿಗುಡಿಯ ಚಿಕ್ಕಮ್ಮನ ಮನೆಯಲ್ಲಿ ಹಬ್ಬದ ಊಟವಿತ್ತು. ನನ್ನ ಫೋನಿನಲ್ಲಿ ಈಗೊಂದು ಆ್ಯಪ್ ಇದೆ. ತಿಂದದ್ದನ್ನು ಹೇಳಿದರೆ, ತೋಳಿಗೆ ಅಂಟಿಸಿರುವ ಸೆನ್ಸರ್ ನೋಡಿಕೊಂಡು, ಎಷ್ಟು ಇನ್ಸುಲಿನ್ ಬೇಕೆಂದು ಲೆಕ್ಕ ಹಾಕಿ ಹೇಳುತ್ತದೆ. ನಾನು ಸಣ್ಣವಳಿದ್ದಾಗ ನೀನು ಮಾಡುತ್ತಿದ್ದ ಕೆಲಸ.

ಹೋಳಿಗೆ ಎಷ್ಟು ಎಂದು ಅದು ಕೇಳಿತು. ಮಾತಿನ ಗದ್ದಲದಲ್ಲಿ ನನಗೆ ಲೆಕ್ಕ ತಪ್ಪಿತ್ತು. ಬಡಿಸಿದ ಚಿಕ್ಕಮ್ಮನನ್ನೇ ಕೇಳಿದೆ.

"ಉಣ್ಣೋದನ್ನ ಎಣಿಸ್ಬಾರ್ದು ಮಾರಾಯ್ತಿ," ಎಂದರು. "ನಿಂಗೋಸ್ಕರ ನಿಮ್ಮಮ್ಮಂಗೂ ಈ ಎಣಿಸೋ ಕಷ್ಟ ಇತ್ತು. ಎಣಿಸಿದ್ರೆ ನಿಮ್ಮಜ್ಜಿ ಬೈಯೋರು. ಅದಕ್ಕೇ ನಿಂಗೆ ಹಾಕಿದ ಒಂದೊಂದು ಹೋಳಿಗೇಲೂ ಒಂದು ಚೂರು ಮುರಿದು ತಮ್ಮ ಎಲೆ ಮೂಲೇಲಿ ಇಟ್ಕೊಳ್ಳೋರು. ಆಮೇಲೆ ಆ ಚೂರು ನೋಡ್ಕೊಂಡು ಇಂಜೆಕ್ಷನ್ ಕೊಡ್ತಿದ್ರು."

ನಿನಗೇ ತಿನ್ನುವ ಆಸೆ ಎಂದುಕೊಂಡಿದ್ದೆ. ಎಡಗೈ ಅಡ್ಡ ಇಟ್ಟು ನನ್ನ ಎಲೆ ಮುಚ್ಚಿಕೊಳ್ಳುತ್ತಿದ್ದೆ. ನೀನು ನಗುತ್ತಿದ್ದೆ, ಕೈ ಸರಿಸಿ ಮುರಿಯುತ್ತಿದ್ದೆ. ಯಾಕೆಂದು ಒಂದು ಸಲವೂ ಹೇಳಲಿಲ್ಲ.

ಫೋನಿಗೆ ಅಂದಾಜಿನಲ್ಲಿ ಮೂರು ಎಂದು ಒತ್ತಿದೆ.

ಸಂಜೆ ಹೊರಡುವ ಮುಂಚೆ ಚಿಕ್ಕಮ್ಮ ಮತ್ತೆ ಹೋಳಿಗೆ ತಂದಿಟ್ಟರು. ಈ ಸಲ ಒಂದೊಂದರಲ್ಲೂ ಚೂರು ಮುರಿದೆ. ಅವನ್ನು ನೋಡಿ, ಬಾಯಿಬಿಡದೆ, ಲೆಕ್ಕ ಒತ್ತಿದೆ. ಫೋನು ತಕ್ಷಣ ಉತ್ತರ ಕೊಟ್ಟಿತು.

ಚೂರುಗಳನ್ನು ಇಡೋಣವೆಂದರೆ ಪಕ್ಕದಲ್ಲಿ ನಿನ್ನ ಎಲೆ ಇರಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.

ನಿನ್ನ
ಸುಷ್ಮಾ