ಹೊಸಬರ ಕೈಗೆ ಪೆನ್ನು ಕೊಡುವ ಕೆಲಸ

ನನ್ನ ಶಾಂತಕ್ಕನಿಗೆ,

ನಿನ್ನ ಭಾನುವಾರದ ಶಿಷ್ಯೆ, ಗುರುಗುಂಟಾದ ರೇಣುಕಾ ಬರೆಯುತ್ತಿದ್ದೇನೆ. ಆರಾಮಾಗಿದ್ದೇನೆ. ನೌಕರಿ ಮುಗಿಸಿ ಮಸ್ಕಿಯಲ್ಲಿ ಮನೆ ಮಾಡಿದ್ದೇನೆ. ನೀನು ಹೋಗಿ ಇಷ್ಟು ವರ್ಷವಾದ ಮೇಲೆ ಕಾಗದ ಯಾಕೆ ಅಂತೀಯಾ? ಒಂದು ಸುದ್ದಿ ಇದೆ. ಅದನ್ನು ನಿನಗಲ್ಲದೆ ಮತ್ಯಾರಿಗೆ ಹೇಳಿದರೂ ನನಗೆ ಸಮಾಧಾನವಿಲ್ಲ.

ಲಿಂಗಸುಗೂರಿನ ನಿನ್ನ ಪಡಸಾಲೆಗೆ ನಾನು ಮೊದಲ ಸಲ ಬಂದ ದಿನ ನೆನಪಿದೆಯಾ? ಎಂಬತ್ತರ ದಶಕದ ಆರಂಭ. ನಾನು ಪಿಯುಸಿ ಹುಡುಗಿ, ನೀನು ಕಚೇರಿಯೊಂದರಲ್ಲಿ ಟೈಪಿಸ್ಟ್. ನೀನು ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ಆರು ದಪ್ಪ ನೋಟ್‌ಬುಕ್ಕು ಇಟ್ಟುಕೊಂಡು ಕೂತಿದ್ದೆ. ಅದಕ್ಕೆ ನೀನಿಟ್ಟ ಹೆಸರು ‘ಊರಕೋಶ’. ತಾಲೂಕಿನ ಬೆಳೆ, ಕಸುಬು, ಹಳ್ಳ, ಗಿಡ ಎಲ್ಲಕ್ಕೂ ಒಂದೊಂದು ಪುಟ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. “ನಿಮ್ಮ ಮನ್ಯಾಗ ಏನ್ ಕೆಲಸ ಮಾಡ್ತಾರಬೇ?” ಎಂದು ನನ್ನನ್ನು ಕೇಳಿದೆ.

“ಕಂಬಳಿ ನೇಯ್ತಾರ್ರೀ.”

“ಹಂಗಾರ ಅದನ್ನ ಬರಿ. ಅದು ನನಗ ಗೊತ್ತಿಲ್ಲ.”

ಓದಿದವರೊಬ್ಬರು ‘ನನಗೆ ಗೊತ್ತಿಲ್ಲ’ ಅಂದದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

ಮುಂದಿನ ಭಾನುವಾರ ಬಂದು ನೋಡಿದರೆ ನನ್ನ ಪುಟದ ಮೇಲೆ ಕೆಂಪು ಗೀಟು. ನೂಲಿಗೆ ಹುಣಸೆ ಬೀಜದ ಅಂಟು ಹಚ್ಚುತ್ತಾರೆ ಎಂದು ನಾನು ಬರೆದದ್ದನ್ನು ಹೊಡೆದುಹಾಕಿ, ನಿವೃತ್ತ ಗುಮಾಸ್ತ ರಂಗರಾಯರು ‘ಅಕ್ಕಿ ಗಂಜಿ’ ಎಂದು ಬರೆದಿದ್ದರು. ಪಕ್ಕದಲ್ಲಿ ಇನ್ನೊಂದು ಸಾಲು: ‘ತಿಳಿಯದವರು ಬರೆಯಬಾರದು.’ ಅಳುತ್ತಲೇ ಬಸ್ಸು ಹತ್ತಿದೆ. ಮೂರು ವಾರ ನಿನ್ನ ಕಡೆ ತಲೆ ಹಾಕಲಿಲ್ಲ. ನನ್ನ ಅಪ್ಪ ಅವ್ವನ ಕೆಲಸ ನನಗೇ ತಿಳಿಯದು ಅಂದರೆ...

ನಾಲ್ಕನೆಯ ವಾರ ಗುರುಗುಂಟಾದಲ್ಲಿ ನೀನು ಬಸ್ಸಿಳಿದೆ. ನಿನ್ನ ಹಿಂದೆ, ಕೊಡೆ ಹಿಡಿದುಕೊಂಡು, ರಂಗರಾಯರು! “ಬರ್ರಿ ರಾಯರ, ಗಂಜಿ ಎಲ್ಲೈತಿ ನೋಡೂಣು” ಎಂದು ಅವರನ್ನು ಸೀದಾ ನಮ್ಮವ್ವನ ಒಲೆಯ ಮುಂದೆ ಕೂರಿಸಿದೆ. ಬೇಯುತ್ತಿದ್ದ ಅಂಟನ್ನು ಅವ್ವ ಚೂರು ಆರಿಸಿ ಅವರ ಅಂಗೈಗೆ ಹಾಕಿದಳು. ರಾಯರ ಬೆರಳು ಒಂದಕ್ಕೊಂದು ಮೆತ್ತಿಕೊಂಡವು.

“ಇದು ಹುಣಸಿ ಬೀಜಾನ ಐತಲ್ಲ!”

“ಅಕ್ಕಿ ನಮಗ ಉಣ್ಣಾಕ ಸಿಗಂಗಿಲ್ರೀ. ನೂಲಿಗೆ ಎಲ್ಲಿಂದ ತರೂಣು?” ಎಂದಳು ಅವ್ವ.

ರಾಯರು ನಕ್ಕರು, ಕೈ ತೊಳೆದರು, ತಮ್ಮ ಸಾಲಿಗೆ ತಾವೇ ಕೆಂಪು ಗೀಟು ಎಳೆದರು. ಬಸ್ಸಿಗೆ ಕಾಯುವಾಗ ನೀನು ನನ್ನ ಕಿವಿಯಲ್ಲಿ ಹೇಳಿದೆ: “ತಿದ್ದೋದು ತಪ್ಪಲ್ಲಬೇ. ಬರಿಯೋರ್ನ ಓಡ್ಸೋದು ತಪ್ಪು.”

ಆ ಮಾತು ನನಗೆ ಅರ್ಥವಾಗಿತ್ತೇ? ತೊಂಬತ್ತರ ದಶಕದಲ್ಲಿ ನಾನು ಸಿಂಧನೂರಿನಲ್ಲಿ ಟೀಚರಾದೆ. ನೀನು ಅಲ್ಲಿಯೂ ಒಂದು ಊರಕೋಶ ಶುರು ಮಾಡಿಸಿ, ಹೊಸಬರನ್ನು ನೋಡಿಕೊಳ್ಳುವ ಕೆಲಸ ನನಗೊಪ್ಪಿಸಿದೆ. ಮೊದಲು ಬಂದವಳು ಜವಳಗೇರಾದ ಅಯ್ಯಮ್ಮ. ಗದ್ದೆ ಕೂಲಿ, ಆಗಷ್ಟೇ ಅಕ್ಷರ ಕಲಿತಿದ್ದಳು. ನಾಟಿ ಹಚ್ಚುವ ಬಗ್ಗೆ ಅರ್ಧ ಪುಟ ಬರೆದಿದ್ದಳು. ನಾನೋ, ಟೀಚರಮ್ಮ! ಕಾಗುಣಿತವೆಲ್ಲ ತಿದ್ದಿದೆ, ಅಲ್ಲಿಯ ಗದ್ದೆಗಳಲ್ಲಿ ಎಲ್ಲರೂ ಆಡುವ ತೆಲುಗು ಮಾತುಗಳನ್ನೆಲ್ಲ ಹೊಡೆದುಹಾಕಿದೆ. ಮುಂದಿನ ವಾರ ಅವಳು ಬರಲಿಲ್ಲ. ನೀನು ಆ ಪುಟ ನೋಡಿ ಒಂದೇ ಮಾತು ಕೇಳಿದೆ: “ಈಗ ರಂಗರಾಯರು ಯಾರಬೇ?”

ಜವಳಗೇರಾಕ್ಕೆ ಹೋದೆ. ಬದುವಿನ ಮೇಲೆ ನಿಂತು, “ನಂದು ತಪ್ಪಾತು ಅಯ್ಯಮ್ಮ” ಎಂದೆ. ಕೆಸರಿನಲ್ಲಿ ನಿಂತಿದ್ದ ಅವಳು ತಲೆ ಎತ್ತಿದಳು. “ಇಳೀರಿ ಟೀಚರಮ್ಮ. ಮೊದ್ಲು ನಾಟಿ ಹಚ್ರಿ, ಆಮ್ಯಾಲ ತಿದ್ದೀರಂತ.” ಸೀರೆ ಕಚ್ಚೆ ಕಟ್ಟಿ ಇಳಿದೆ. ನಾನು ಹಚ್ಚಿದ ಸಸಿಗಳೆಲ್ಲ ನೀರಿನ ಮೇಲೆ ತೇಲಿದವು. ಸಾಲಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಯ್ಯಮ್ಮ ಮುಂದಿನ ವಾರ ಬಂದಳು. ನಾನು ಹೊಡೆದಿದ್ದ ತೆಲುಗು ಮಾತುಗಳನ್ನೆಲ್ಲ ಒಂದೊಂದಾಗಿ ಮತ್ತೆ ಬರೆದಳು. ನಾನು ಪಕ್ಕದಲ್ಲಿ ಅವುಗಳ ಅರ್ಥ ಬರೆದೆ.

ಈಗ ಸುದ್ದಿ ಕೇಳು. ಇಂಟರ್ನೆಟ್ ಅಂತ ಒಂದು ಬಂದಿದೆ ಅಕ್ಕ. ಅದರಲ್ಲಿ ಇಡೀ ಲೋಕದ ಕೋಶವೊಂದಿದೆ, ಕನ್ನಡದಲ್ಲೂ ಇದೆ, ಕೈಯಲ್ಲಿ ಹಿಡಿಯುವ ಫೋನಿನಲ್ಲೇ ತೆರೆಯುತ್ತದೆ. ಯಾರು ಬೇಕಾದರೂ ಬರೆಯುತ್ತಾರೆ, ಯಾರು ಬೇಕಾದರೂ ತಿದ್ದುತ್ತಾರೆ. ನೀನಿದ್ದಿದ್ದರೆ ಆ ಫೋನು ನನ್ನ ಕೈಗೆ ಸಿಗುತ್ತಿತ್ತೇ? ಆ ಕೋಶದಲ್ಲಿ ಹೊಸಬರಿಗೆ ಕಲಿಸುವ ಕೆಲಸಕ್ಕೆ ನಾನಾಗಿಯೇ ಹೆಸರು ಕೊಟ್ಟಿದ್ದೇನೆ. ಸಂಬಳವಿಲ್ಲ, ಸಡಗರವಿದೆ.

ಈ ತಿಂಗಳು ಬಂದವರು ಮಲ್ಲಪ್ಪನವರು, ನಿವೃತ್ತ ಬಸ್ ಕಂಡಕ್ಟರ್. ಲಿಂಗಸುಗೂರಿನಿಂದ ಮಸ್ಕಿ ಮಾರ್ಗವಾಗಿ ಸಿಂಧನೂರಿನವರೆಗೆ ಬಸ್ಸು ನಿಲ್ಲುವ ಒಂದೊಂದು ಊರಿಗೂ ಒಂದೊಂದು ಪುಟ ಬರೆಯುವ ಹಟ ಅವರದು. ಒಂದು ಊರು ಬರೆಯಲು ಎಂಟು ದಿನ ಹಿಡಿಯಿತು. ಇವತ್ತು ಬೆಳಿಗ್ಗೆ ಫೋನು ಮಾಡಿದರು.

“ಮೇಡಂ, ನನ್ನ ಪುಟ ಯಾರೋ ತಿದ್ಯಾರ್ರೀ!”

ಇನ್ನು ಇವರೂ ಬರುವುದಿಲ್ಲ ಎಂದುಕೊಂಡು, “ಬ್ಯಾಸರಾತೇನ್ರಿ?” ಎಂದೆ.

“ಬ್ಯಾಸರ ಯಾಕ್ರೀ? ಯಾರೋ ಕುಂತು ಓದ್ಯಾರಲ್ರೀ, ನಾ ಬರದಿದ್ದನ್ನ! ನಾಳೆ ನಮ್ಮ ಡಿಪೋದ ಇಬ್ರು ದೋಸ್ತರ್ನೂ ಕರಕೊಂಡು ಬರಾಕತ್ತೀನಿ. ಅವರಿಗೂ ಕಲಸ್ರಿ.”

ಕಲಿಸುತ್ತೇನೆ ಅಕ್ಕ.

ನಿನ್ನ,
ರೇಣುಕಾ