ಅಂಗಡಿ ಕೊಟ್ಟ ಸೀರೆ

ಪ್ರೀತಿಯ ಫಿದಾ,

ನಿನ್ನೆ ನೀನು ಫೋನು ಮಾಡಿ, "ಅಕ್ಕ, ಈ ತಿಂಗಳು ಸಂಬಳದ ಪಟ್ಟಿಯಿಂದ ನಿಮ್ಮ ಹೆಸರು ತೆಗೀಲಿಕ್ಕೆ ಧಣಿಗಳು ಹೇಳಿದ್ದಾರೆ, ನಾನು ಎಂತ ಮಾಡುದು?" ಎಂದು ಕೇಳಿದಾಗ, "ಮಗು ಅಳ್ತಾ ಉಂಟು, ಮತ್ತೆ ಮಾಡ್ತೇನೆ" ಎಂದು ಇಟ್ಟುಬಿಟ್ಟೆ. ಮಗು ಅಳುತ್ತಿರಲಿಲ್ಲ.

ಈಗ ಮಧ್ಯಾಹ್ನ. ಕಕ್ಕಿಂಜೆಯ ತವರುಮನೆಯಲ್ಲಿ, ಬಾಣಂತಿ ಕೋಣೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಮಗು ಮಲಗಿದಾಗ ನೀನೂ ಮಲಗು ಎಂದು ಅಮ್ಮ ಗದರಿಸಿ ಹೋಗಿದ್ದಾರೆ. ಕಣ್ಣು ಮುಚ್ಚಿದರೆ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಹೆದರಿಕೆ. ಎದ್ದು ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ, ಮತ್ತೆ ಒರಗುತ್ತೇನೆ, ಮತ್ತೆ ಏಳುತ್ತೇನೆ. ಹೆತ್ತಂದಿನಿಂದ ನನ್ನ ನಿದ್ದೆ ಎಂದರೆ ಇಷ್ಟೇ. ನಿನ್ನೆಯಿಂದ ಅದಕ್ಕೆ ಅಂಗಡಿಯ ಹೆದರಿಕೆಯೂ ಸೇರಿದೆ. ಈ ಪತ್ರವನ್ನು ನಿನ್ನ ಸಿದ್ಧಕಟ್ಟೆಯ ಮನೆಗೇ ಕಳಿಸುತ್ತೇನೆ. ನಿನ್ನ ಫೋನು ಯಾವಾಗಲೂ ಅಂಗಡಿಯ ಮೇಜಿನ ಮೇಲೆ ಬಿದ್ದಿರುತ್ತದೆ, ಧಣಿಗಳು ಬಂದು ಅಲ್ಲೇ ನಿಲ್ಲುತ್ತಾರೆ.

ನೀನು ಕೆಲಸ ಕಲಿಯಲು ಬಂದ ದಿನ ನೆನಪಾಗುತ್ತದೆ. ಬಸ್ಸಿನಲ್ಲಿ ನಿಂತೇ ಮೂಡುಬಿದಿರೆಯ ಅಂಗಡಿಗೆ ಬಂದಿದ್ದೆ, ಮುಖವೆಲ್ಲ ಬೆವರು. "ಸಂಬಳ ಮಾಡುದು ಅಂದ್ರೆ ಕೂಡಿಸಿ ಕಳೆಯುದೇ ಅಲ್ವಾ ಅಕ್ಕ?" ಎಂದೆ. ಹೌದು, ಯಾರದ್ದನ್ನು ಕಳೆಯುತ್ತೇವೆ ಎಂದು ಗೊತ್ತಿದ್ದರೆ ಸಾಕು ಎಂದೆ ನಾನು. ಮೊದಲು ಹಾಜರಿ ನೋಡು, ಆಮೇಲೆ ಹಣ. ಮೂಲ ವೇತನವೂ ತುಟ್ಟಿಭತ್ಯೆಯೂ ಸೇರಿ ಸರ್ಕಾರ ಹೇಳಿದ ಕನಿಷ್ಠಕ್ಕಿಂತ ಕೆಳಗೆ ಇಳಿಯಬಾರದು. ಮೂಲ ವೇತನ ಸಣ್ಣದು ಮಾಡಿ ಉಳಿದದ್ದನ್ನು ಬೇರೆ ಬೇರೆ ಭತ್ಯೆ ಎಂದು ತೋರಿಸಿದರೆ ಹುಡುಗಿಯರ ಪಿಎಫ್ ಕುಗ್ಗುತ್ತದೆ, ಅದು ಅವರಿಗೆ ತಿಳಿಯುವುದು ವಯಸ್ಸಾದ ಮೇಲೆ. ತಡವಾಗಿ ಬಂದಳು ಎಂದು ನಿನ್ನಷ್ಟಕ್ಕೇ ಅರ್ಧ ದಿನದ ಸಂಬಳ ಕಳೆಯಬೇಡ. ಸಂಬಳ ಏಳನೇ ತಾರೀಕು ದಾಟಬಾರದು. ನಾನು ಹೇಳುತ್ತಾ ಹೋದ ಹಾಗೆ ನೀನು ತಲೆಯ ಮೇಲೆ ಕೈ ಹೊತ್ತು, "ನೀವು ಟೀಚರ್ ಆಗ್ಬೇಕಿತ್ತು ಮಾರಾಯ್ರೆ, ಮಕ್ಕಳು ಓಡಿ ಹೋಗ್ತಿದ್ರು" ಎಂದೆ.

ಹೆರಿಗೆ ರಜೆಯ ವಿಷಯ ಮಾತ್ರ ನಾನು ಕಲಿಸಲೇ ಇಲ್ಲ. ಅದರ ಪ್ರಸಂಗ ಬರಲಿಲ್ಲ. ನಮ್ಮ ಜವಳಿ ಅಂಗಡಿಯಲ್ಲಿ ಬಸುರಿಯರು ರಜೆ ಹಾಕುವುದಿಲ್ಲ. ಅವರಿಗೆ ಸೀರೆ ಸಿಗುತ್ತದೆ.

ನನ್ನ ಬಯಕೆಯ ಊಟ ನೀನೇ ನೋಡಿದ್ದೀಯಲ್ಲ. ಏಳನೇ ತಿಂಗಳು, ಅಂಗಡಿಯ ಮೇಲಿನ ಮಹಡಿಯಲ್ಲಿ ಬಾಳೆಲೆ. ಧಣಿಗಳ ಹೆಂಡತಿ ವಿಮಲಕ್ಕ ತಾವೇ ಮಲ್ಲಿಗೆ ಮುಡಿಸಿದರು. "ಬೇಕಾದ್ದು ಆರಿಸಿಕೋ ಮಗಾ" ಎಂದರು ಧಣಿಗಳು. ಯಾವ ಕಪಾಟಿನವರೆಗೆ ಕೈ ಹೋಗಬಹುದು ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ದಿನವಿಡೀ ಬೇರೆಯವರಿಗೆ ಸೆರಗು ಬಿಡಿಸಿ ತೋರಿಸುವ ಹುಡುಗಿಯರು ಅಂದು ನನಗೆ ಬಿಡಿಸಿ ತೋರಿಸಿದರು. "ಅಕ್ಕ, ಬಿಲ್ಲು ನೀವೇ ಮಾಡ್ಬೇಕಾ?" ಎಂದು ನೀನು ಕೇಳಿದ್ದಕ್ಕೆ ಧಣಿಗಳೂ ನಕ್ಕರು. ನನ್ನ ಚೀಲದಲ್ಲಿ ರಜೆಯ ಅರ್ಜಿ ಇತ್ತು ಫಿದಾ, ತಾರೀಕು ಸಮೇತ. "ಇನ್ನು ಲೆಕ್ಕದ ತಲೆಬಿಸಿ ಬೇಡ ನಿನಗೆ, ಆರಾಮ ಮಾಡು" ಎಂದು ಅವರು ತಲೆ ಮುಟ್ಟಿದಾಗ ನನಗೆ ಕಣ್ಣು ತುಂಬಿತು. ಹೊಸ ಸೀರೆ ಮಡಿಲಲ್ಲಿಟ್ಟುಕೊಂಡು ಅರ್ಜಿ ಹೇಗೆ ತೆಗೆಯುವುದು? ಕೈ ಬರಲಿಲ್ಲ. ಯಾರಿಗೂ ಬರುವುದಿಲ್ಲ. ಹಾಗಾಗಿಯೇ ಆ ತಿಂಗಳ ಕೊನೆಗೆ ಹೆಸರಿನ ಮುಂದೆ 'ತಾನಾಗಿ ಬಿಟ್ಟದ್ದು' ಎಂದು ಬೀಳುತ್ತದೆ. ನನ್ನದು ಇಷ್ಟು ದಿನ ಬೀಳದೆ ಉಳಿದದ್ದು, ಬರೆಯುವವಳು ನೀನಾದ್ದರಿಂದ.

ಮಕ್ಕಳ ಬಟ್ಟೆಯ ವಿಭಾಗದಲ್ಲಿದ್ದ ರಶೀನಾ ಹೋದ ವರ್ಷ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕೆಲಸ ಕೇಳಲು ಬಂದಿದ್ದಳು. ಧಣಿಗಳು ಮಗುವಿನ ಗಲ್ಲ ಮುಟ್ಟಿದರು, ಒಂದು ಫ್ರಾಕು ಕೊಡಿಸಿದರು, "ಈಗ ಜಾಗ ಇಲ್ಲ ಅಲ್ಲ ಮಾರಾಯ್ತಿ" ಎಂದರು. ಅವಳು ಫ್ರಾಕು ತೆಗೆದುಕೊಂಡು ಹೋದಳು. ಧಣಿಗಳು ಬೈಯುವ ಮನುಷ್ಯರಾಗಿದ್ದರೆ ನಮಗೆಲ್ಲ ಜಗಳ ಮಾಡಲಾದರೂ ಬರುತ್ತಿತ್ತು.

ನಮ್ಮ ಮನೆಯವರು, ಶ್ರವಣ್, ದುಡಿಯುವುದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಅವರ ಸಂಬಳ ಮನೆ ಬಾಡಿಗೆ, ಅಕ್ಕಿ, ಹಾಲಿಗೆ ಮುಗಿಯುತ್ತದೆ. "ಬಿಡು, ಬೇರೆ ಕಡೆ ನೋಡುವ" ಎನ್ನುತ್ತಾರೆ. ಹಾಲು ಕುಡಿಯುವ ಮಗು ಇದ್ದವಳನ್ನು ಹೊಸದಾಗಿ ಯಾರು ಸೇರಿಸಿಕೊಳ್ಳುತ್ತಾರೆ? ಸಂಬಳ ಮಾಡುವವಳಲ್ಲವೇ ನಾನು, ಅರ್ಜಿ ಹಿಡಿದು ಬಂದವರನ್ನು ಹೇಗೆ ನೋಡುತ್ತಾರೆ ಎಂದು ಕಂಡಿದ್ದೇನೆ.

ನಿನ್ನೆ ಫೋನಿಟ್ಟ ಮೇಲೆ ಕಾನೂನನ್ನು ಮತ್ತೆ ಓದಿದೆ. ಮೊದಲ ಮಗುವಿಗೆ ಇಪ್ಪತ್ತಾರು ವಾರ ಸಂಬಳದ ರಜೆ ಇದೆ. ಆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ಮೊದಲೇ ಬರೆದು ಕೊಡದಿದ್ದರೆ ಹೆತ್ತ ಮೇಲೂ ಕೊಡಬಹುದು. ಅಂದರೆ ಆ ಅರ್ಜಿ ಚೀಲದಲ್ಲೇ ಉಳಿದದ್ದರಿಂದ ಎಲ್ಲವೂ ಮುಗಿದುಹೋಗಿಲ್ಲ. ಓದಿ ಖುಷಿಯಾಗಬೇಕಿತ್ತು. ಆಗಲೇ ನೀನು ಹೇಳಿದ ಇನ್ನೊಂದು ಮಾತು ನೆನಪಾಯಿತು. "ಅವಳು ವಾಪಸ್ ಬಂದ್ರೆ ನಿನ್ನನ್ನು ಇಟ್ಟುಕೊಳ್ಳಲಿಕ್ಕೆ ಆಗುದಿಲ್ಲ ಅಂತ ಧಣಿಗಳು ಹೇಳಿದ್ರು ಅಕ್ಕ" ಎಂದಿದ್ದೆ. ಹೇಳುವಾಗ ಮೂಗು ಎಳೆಯುತ್ತಿದ್ದೆ.

ಸುಳ್ಳು ಹೇಳುವುದಿಲ್ಲ, ನಿನ್ನ ಮೇಲೆ ಸಿಟ್ಟು ಬಂತು. ನಾನು ಕಲಿಸಿದ ಕೆಲಸ, ನನ್ನ ಕುರ್ಚಿ, ನನ್ನದಕ್ಕಿಂತ ಕಡಿಮೆ ಸಂಬಳಕ್ಕೆ ಒಪ್ಪಿದ ಹುಡುಗಿ ಎಂದೆಲ್ಲ ಅನಿಸಿತು. ಆಮೇಲೆ ನಿನ್ನ ತಂಗಿಯ ಕಾಲೇಜು ಫೀಸು ನೆನಪಾಯಿತು, ನಿನಗೆ ಇನ್ನೂ ನೇಮಕದ ಪತ್ರವನ್ನೇ ಕೊಟ್ಟಿಲ್ಲ ಎಂಬುದೂ ನೆನಪಾಯಿತು. ನಿನ್ನನ್ನು ಕಳಿಸಲು ಅವರಿಗೆ ಸೀರೆಯ ಖರ್ಚೂ ಇಲ್ಲ.

ನಾನು ಸುಮ್ಮನಿರುವುದಿಲ್ಲ. ಸುಮ್ಮನಿದ್ದರೆ ನಿನ್ನ ಕೆಲಸ ಉಳಿಯಬಹುದು, ನಿನ್ನ ಬಯಕೆಯ ಊಟದವರೆಗೆ. ತಿಂಗಳ ಹಾಜರಿ ಮುಗಿಸುವ ಮೊದಲು, ಬರುವ ಗುರುವಾರ, ನಾನೇ ಬರುತ್ತೇನೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ವೇಣೂರು ದಾರಿಯಾಗಿ. ಇಷ್ಟು ಎಳೆಯ ಮಗುವನ್ನು ಬಸ್ಸಿನಲ್ಲಿ ಒಯ್ಯುವುದಾ ಎಂದು ಅಮ್ಮ ಈಗಾಗಲೇ ಊಟ ಬಿಟ್ಟಿದ್ದಾರೆ. ಅರ್ಜಿಯನ್ನು ಧಣಿಗಳ ಕೈಗೇ ಕೊಡುತ್ತೇನೆ. ತೆಗೆದುಕೊಳ್ಳದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗುತ್ತೇನೆ. ಅಲ್ಲಿಯವರೆಗೆ ನೀನು ನನ್ನ ಪರವಾಗಿ ಒಂದು ಮಾತೂ ಆಡಬೇಡ. ಹೆಸರು ತೆಗೆ ಎಂದು ಮತ್ತೆ ಹೇಳಿದರೆ, ತಿಂಗಳ ಕೊನೆಗೆ ಮಾಡ್ತೇನೆ ಎನ್ನು, ಸಾಕು.

ಮಗುವಿನ ಫೋಟೋ ಬೇಡ, ಎತ್ತಿಕೊಳ್ಳಲಿಕ್ಕೇ ಬರ್ತೇನೆ ಎಂದು ಹಟ ಹಿಡಿದವಳು ನೀನು. ಗುರುವಾರ ನಾನು ಒಳಗೆ ಬಂದಾಗ ಏಳಬೇಡ. ಓಡಿ ಬಂದು ಅವಳನ್ನು ಎತ್ತಿಕೊಳ್ಳಬೇಡ. ಅವಳು ಅತ್ತರೂ ತಿರುಗಿ ನೋಡಬೇಡ. ನೀನೇ ಹೇಳಿಕೊಟ್ಟು ನನ್ನನ್ನು ಕರೆಸಿದೆ ಎಂದು ಯಾರಿಗೂ ಅನಿಸಬಾರದು. ನನಗೆ ಬೇಸರವಾಗುವುದಿಲ್ಲ ಎನ್ನಲಾರೆ, ಆದರೂ ಏಳಬೇಡ.

ನಿನ್ನ ಕೆಲಸ ಉಳಿಯಲಿ, ನನ್ನದೂ ಉಳಿಯಲಿ. ಎರಡೂ ಒಟ್ಟಿಗೆ ಉಳಿಯುವ ದಾರಿ ನನಗೆ ಕಾಣುತ್ತಿಲ್ಲ. ಕಾಣದಿದ್ದರೂ ಹಾಗೆಯೇ ಹಾರೈಸುತ್ತೇನೆ.

ನಿನ್ನ,
ಪ್ರಾಪ್ತಿ ಅಕ್ಕ